29 ಡಿಗ್ರಿ ಯಾರ ಮೈಗೆ?

ಓದುಗರ ಪತ್ರ:

ಮಾನ್ಯ ಸಂಪಾದಕರೇ, ರಜೆಯ ದಿನ ಊರೊಳಗೇ ಸುತ್ತಾಡುವ ಬಗ್ಗೆ ಬರೆದ ಲೇಖನದಲ್ಲಿ ‘ಉಷ್ಣಾಂಶ 30 ಡಿಗ್ರಿಯೊಳಗಿದ್ದರೆ ಧೈರ್ಯವಾಗಿ ಹೊರಡಿ’ ಎಂದಿದ್ದಿರಿ. ಶನಿವಾರ ಮಧ್ಯಾಹ್ನ ಫೋನು 29 ತೋರಿಸಿತು. ಹೊರಟೆ. ಅರ್ಧ ಗಂಟೆ ನಡೆದು, ಪಾರ್ಕಿನ ಮುಂದಿನ ಕಲ್ಲುಹಾಸಿನ ಚೌಕದಲ್ಲಿ ಅಕ್ಕನಿಗಾಗಿ ಕಾದು ಕೂತೆ. ಬೆಂದುಹೋದೆ. ಆಮೇಲೆ ಆಫೀಸಿನಿಂದ ನೇರ ಬಂದ ಅಕ್ಕ ಪಕ್ಕದಲ್ಲೇ ಕೂತು, ‘ಆಹಾ, ಎಷ್ಟು ಹಿತವಾಗಿದೆ’ ಅಂತ ಕಣ್ಣು ಮುಚ್ಚಿದಳು. ಸುಳ್ಳು ಹೇಳಿದ್ದು ಯಾರು? ಫೋನಾ, ನೀವಾ, ಅಕ್ಕನಾ? ಇಂಥ ಜಾಗಕ್ಕೆಲ್ಲ ಚಾವಣಿ ಹಾಕಿ ಎಸಿ ಕೂರಿಸಿದರೆ ಜಗಳವೇ ಇರುವುದಿಲ್ಲ ಅಲ್ವಾ? ಇನ್ನೊಂದು ಮಾತು. ಅವತ್ತು ಮಳೆಯ ಸಾಧ್ಯತೆ ಶೇ 30 ಅಂತಲೂ ಇತ್ತು. ಒಂದು ಹನಿ ಬೀಳಲಿಲ್ಲ.

ಸಂಪಾದಕರ ಉತ್ತರ:

ಫೋನು ಸುಳ್ಳು ಹೇಳಿಲ್ಲ. ಅಕ್ಕನೂ ಹೇಳಿಲ್ಲ. ಉಳಿದದ್ದು ನಾವು. ಆ 30ರ ಗೆರೆ ಎಳೆದದ್ದು ನಮ್ಮ ತಪ್ಪು. ಬರೆಯುವಾಗ ಸುಲಭವಾಗಿ ಕಂಡಿತು, ಅಷ್ಟೇ.

ಮೊದಲು ಫೋನಿನ 29. ಅದು ಗಾಳಿಯ ಬಿಸಿ, ನೆರಳಿನಲ್ಲಿದ್ದಾಗಿನ ಲೆಕ್ಕ. ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಸುತ್ತ ಪಟ್ಟಿ ಪಟ್ಟಿಯ ಮರದ ಪೆಟ್ಟಿಗೆಯೊಂದನ್ನು ನೀವು ನೋಡಿರಬಹುದು. ದೀಪಸ್ತಂಭ ಕಟ್ಟುತ್ತಿದ್ದ ಥಾಮಸ್ ಸ್ಟೀವನ್ಸನ್ ಎಂಬ ಇಂಜಿನಿಯರ್ 1860ರ ದಶಕದಲ್ಲಿ ಮಾಡಿದ ವಿನ್ಯಾಸ ಅದು. ಥರ್ಮಾಮೀಟರನ್ನು ಅದರೊಳಗೆ ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ ಇಡುತ್ತಾರೆ. ಬಿಸಿಲು ತಾಗಬಾರದು, ನೆಲದ ಕಾವು ತಾಗಬಾರದು, ಗಾಳಿ ಮಾತ್ರ ಆಡಬೇಕು. ಇವತ್ತಿನ ಉಪಕರಣಗಳೂ ಅದೇ ಕ್ರಮದಲ್ಲಿ ಅಳೆಯುತ್ತವೆ. ಒಂದು ಊರಿನ ಬಿಸಿಯನ್ನು ಇನ್ನೊಂದರ ಜೊತೆ ಹೋಲಿಸಬೇಕಾದರೆ ಇದೇ ಸರಿ. ಆದರೆ ನೀವು ಆ ಪೆಟ್ಟಿಗೆಯೊಳಗೆ ಕೂತಿರಲಿಲ್ಲ. ಆ ಪೆಟ್ಟಿಗೆ ಯಾವುದನ್ನೆಲ್ಲ ಹೊರಗಿಡುತ್ತದೋ ಅದರ ನಡುವೆಯೇ ಕೂತಿದ್ದಿರಿ.

ಮೇಲಿಂದ ಬಿಸಿಲು. ಕೆಳಗಿನಿಂದ ಬೆಳಗ್ಗೆಯಿಂದ ಕಾದ ಕಲ್ಲು. ಎದುರಿಗೆ ಗಾಜಿನ ಕಟ್ಟಡವಿದ್ದರೆ ಅದೇ ಬಿಸಿಲು ಮತ್ತೊಮ್ಮೆ ಮುಖಕ್ಕೆ. (2013ರಲ್ಲಿ ಲಂಡನ್ನಿನಲ್ಲಿ ಒಳಬಾಗಿದ ಗಾಜಿನ ಗೋಪುರವೊಂದು ಬಿಸಿಲನ್ನು ಬೀದಿಗೆ ಒಟ್ಟುಗೂಡಿಸಿ, ನಿಂತಿದ್ದ ಕಾರಿನ ಭಾಗಗಳನ್ನೇ ಕರಗಿಸಿತ್ತು. ಅದು ಅತಿರೇಕ ಬಿಡಿ.) ಬೇಸಿಗೆಯ ನಡು ಮಧ್ಯಾಹ್ನ ಡಾಂಬರು 60 ಡಿಗ್ರಿ ದಾಟುವುದು ಅಪರೂಪವಲ್ಲ. ಇದನ್ನೆಲ್ಲ ಗಾಳಿ ಹೊತ್ತು ತರಬೇಕಾಗಿಯೂ ಇಲ್ಲ. ಒಲೆಯ ಮುಂದೆ ಕೂತಾಗ ಮುಖಕ್ಕೆ ಝಳ ಹೊಡೆಯುತ್ತದಲ್ಲ, ಹಾಗೇ ನೇರ ಮೈಗೆ ಬರುತ್ತದೆ.

ಈ ಝಳವನ್ನು ಅಳೆಯಲು ಒಂದು ಸರಳ ಸಾಧನವಿದೆ. ಹದಿನೈದು ಸೆಂಟಿಮೀಟರಿನ ತೆಳು ತಾಮ್ರದ ಗುಂಡು, ಹೊರಗೆ ಕಪ್ಪು ಬಣ್ಣ, ಒಳಗೆ ಥರ್ಮಾಮೀಟರು. ನನಗೆ ಇದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಹವಾಮಾನದ ಉಪಕರಣಗಳಲ್ಲಿ ಬಿಸಿಲಲ್ಲಿ ಕೂತ ಮನುಷ್ಯನನ್ನು ಸ್ವಲ್ಪವಾದರೂ ಹೋಲುವುದು ಇದೊಂದೇ. ದೊಡ್ಡ ಮರದ ನೆರಳಿಗೂ ಪಕ್ಕದ ಬಯಲಿಗೂ ಗಾಳಿಯ ಬಿಸಿಯಲ್ಲಿ ಇರುವ ವ್ಯತ್ಯಾಸ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಮಾತ್ರ. ಆದರೆ ಕಪ್ಪು ಗುಂಡಿನ ಸಹಾಯದಿಂದ ಝಳದ ಲೆಕ್ಕ ತೆಗೆದರೆ ಹತ್ತು, ಇಪ್ಪತ್ತು ಡಿಗ್ರಿಯ ಅಂತರ ಸಿಗುವುದುಂಟು. ‘ಮರದಡಿ ತಂಪು’ ಅನ್ನುತ್ತೇವಲ್ಲ, ಅಲ್ಲಿ ಗಾಳಿ ತಂಪಾಗಿರುವುದಕ್ಕಿಂತ ನಮಗೆ ಪೆಟ್ಟು ಬೀಳುವುದು ನಿಂತಿರುತ್ತದೆ.

ಗಾಳಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೀಸುಗಾಳಿ ಬೆವರು ಆರಿಸುತ್ತದೆ, ಹಿತ. ಆದರೆ ಎತ್ತರದ ಕಟ್ಟಡ ಮೇಲಿನ ಜೋರು ಗಾಳಿಯನ್ನು ತಡೆದು ಕೆಳಕ್ಕೆ ದೂಡುತ್ತದೆ, ಅದು ಮೂಲೆಗಳಲ್ಲಿ ನುಗ್ಗುತ್ತದೆ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ಅದಕ್ಕೇ ಒಂದು ಬೆಂಚಿನಲ್ಲಿ ಪೇಪರು ಓದಬಹುದು, ಇಪ್ಪತ್ತು ಹೆಜ್ಜೆ ಆಚೆ ಟೋಪಿ ಹಿಡಿದುಕೊಳ್ಳಬೇಕು.

ಇನ್ನು ಅಕ್ಕ. ನಿಮ್ಮ ಪತ್ರದಲ್ಲೇ ಉತ್ತರ ಅರ್ಧ ಇದೆ. ಸುಮ್ನೆ ಕೂತ ದೊಡ್ಡವರ ಮೈ ಸುಮಾರು 100 ವ್ಯಾಟ್ ಬಿಸಿ ಹೊರಹಾಕುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ನಡೆದರೆ ಅದರ ಎರಡು ಮೂರು ಪಟ್ಟು. ನೀವು ಅರ್ಧ ಗಂಟೆ ಆ ಬಲ್ಬುಗಳನ್ನು ಉರಿಸಿಕೊಂಡು ಬಂದು, ಬಿಸಿಗಲ್ಲಿನ ಮೇಲೆ ಕೂತಿರಿ. ಅಕ್ಕ ಆಫೀಸಿನಿಂದ ನೇರ ಬಂದವರು. ಅಲ್ಲಿ ಎಸಿ ಇತ್ತು ಅಂತ ನನ್ನ ಊಹೆ. ಮೈ ತಣ್ಣಗಾಗಿದ್ದಾಗ ಬಿಸಿ ಸಿಕ್ಕರೆ ಸುಖ, ಕಾದಿದ್ದಾಗ ಅದೇ ಬಿಸಿ ಹಿಂಸೆ. ಮಿಶೆಲ್ ಕಬನಾಕ್ ಎಂಬ ಶರೀರವಿಜ್ಞಾನಿ 1971ರಲ್ಲಿ ಇದನ್ನೇ ವಿವರಿಸಿದ್ದರು: ಸುಖ ಅನ್ನಿಸುವುದು ಮೈಗೆ ಆ ಹೊತ್ತಿನಲ್ಲಿ ಏನು ಬೇಕಾಗಿದೆ ಎಂಬುದನ್ನು ಅವಲಂಬಿಸಿದೆ. ಒಂದೇ ಬೆಂಚು, ಎರಡು ಹವೆ.

ಇದಿಷ್ಟೂ ಮೈಯ ಲೆಕ್ಕ. ಇದರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಮರಿಯಲೆನಾ ನಿಕೊಲೊಪೌಲೂ ಎಂಬ ಸಂಶೋಧಕಿ ಮತ್ತು ಜೊತೆಗಾರರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹೊರಗೆ ಕೂತವರ ಪಕ್ಕದಲ್ಲೇ ಉಪಕರಣವಿಟ್ಟು ಅಳೆದರು, ಹೇಗನ್ನಿಸುತ್ತಿದೆ ಅಂತಲೂ ಕೇಳಿದರು. ಬಿಸಿ, ಗಾಳಿ, ತೇವ, ಬಿಸಿಲು ಎಲ್ಲ ಸೇರಿಸಿದರೂ ಜನರ ಉತ್ತರಗಳಲ್ಲಿನ ವ್ಯತ್ಯಾಸದ ಸುಮಾರು ಅರ್ಧಕ್ಕೆ ಮಾತ್ರ ಕಾರಣ ಸಿಕ್ಕಿತು. ಆಮೇಲೆ ಯುರೋಪಿನ ಐದು ದೇಶಗಳಲ್ಲಿ ಹತ್ತಿರ ಹತ್ತಿರ 10,000 ಜನರನ್ನು ಮಾತಾಡಿಸಿದಾಗ, ‘ಬಿಸಿಯೂ ಇಲ್ಲ, ಚಳಿಯೂ ಇಲ್ಲ’ ಅನ್ನಿಸುವ ಮಟ್ಟವೇ ಊರಿಂದೂರಿಗೆ 10 ಡಿಗ್ರಿಗಿಂತ ಹೆಚ್ಚು ಬೇರೆಯಾಗಿತ್ತು. ಮೈಗೆ ತಾಗುವ ಒಟ್ಟು ಬಿಸಿಯ ಸೂಚ್ಯಂಕವೊಂದರಲ್ಲಿ ಮಧ್ಯ ಯುರೋಪಿನವರಿಗೆ 18ರಿಂದ 23 ಡಿಗ್ರಿ ಹಿತ ಎಂದು ಲೆಕ್ಕ. ತೈವಾನ್‌ನಲ್ಲಿ ಅದು 26ರಿಂದ 30. ಹಾಗಾದರೆ ನಾವು ಹಾಕಿದ 30 ಯಾರದ್ದು? ಯಾರದ್ದೂ ಅಲ್ಲ.

ಉಳಿದ ಅರ್ಧದಲ್ಲಿ ರೂಢಿ ಇದೆ, ನಿರೀಕ್ಷೆ ಇದೆ. ನನಗೆ ದೊಡ್ಡದಾಗಿ ಕಾಣುವುದು ಮಾತ್ರ ಇನ್ನೊಂದು: ಎದ್ದು ಹೋಗುವ ಸ್ವಾತಂತ್ರ್ಯ. ತಾನಾಗಿ ಬಂದು ಕೂತವನಿಗಿಂತ ಯಾರಿಗೋ ಕಾಯುತ್ತ ಕೂತವನಿಗೆ ಅದೇ ಬಿಸಿಲು ಹೆಚ್ಚು ಚುಚ್ಚುತ್ತದೆ. ಕಾದವರು ನೀವು, ಬಂದವರು ಅಕ್ಕ. ಎದ್ದು ನೆರಳಿಗೆ ಹೋದರೆ ಅವರಿಗೆ ಕಾಣಿಸುವುದಿಲ್ಲ ಅಂತ ಅಲ್ಲೇ ಕೂತಿರಿ, ಹೌದಾ?

1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಜನ ಕೂರುವ ರೀತಿಯನ್ನು ಕ್ಯಾಮೆರಾ ಇಟ್ಟು ನೋಡಿದ ವಿಲಿಯಂ ವೈಟ್, ಎತ್ತಿಡಬಹುದಾದ ಕುರ್ಚಿಯನ್ನು ಬಾಯ್ತುಂಬ ಹೊಗಳಿದ್ದರು. ಜನ ಕೂರುವ ಮುಂಚೆ ಕುರ್ಚಿಯನ್ನು ಒಂದೆರಡು ಅಂಗುಲ ಆಚೀಚೆ ಸರಿಸುತ್ತಾರಂತೆ. ಕೆಲವೊಮ್ಮೆ ಸರಿಸಿದ ಮೇಲೂ ಅದು ಇದ್ದಲ್ಲೇ ಇರುತ್ತದೆ! ನೆರಳು ಸರಿದಂತೆ ಕುರ್ಚಿ ಸರಿಯುವುದಾದರೆ ಅರ್ಧ ದೂರು ಕಡಿಮೆಯಾಗುತ್ತದೆ. ನೆಲಕ್ಕೆ ಕಚ್ಚಿಸಿದ ಕಲ್ಲುಬೆಂಚು ಬೆಳಗ್ಗೆ ಎಂಟಕ್ಕೆ ಸ್ವರ್ಗವಾಗಿದ್ದು ಮಧ್ಯಾಹ್ನ ಎರಡಕ್ಕೆ ಕಾವಲಿಯಾಗುತ್ತದೆ. ಅದರದ್ದೇನೂ ತಪ್ಪಿಲ್ಲ ಪಾಪ.

ಹಾಗಾಗಿ ನಿಮ್ಮ ಚಾವಣಿ ಮತ್ತು ಎಸಿಗೆ ನನ್ನ ಒಪ್ಪಿಗೆ ಇಲ್ಲ. ಕೋಣೆಯೊಳಗಿನ ಹಿತಕ್ಕೆ ಓಲೆ ಫ್ಯಾಂಗರ್ ಎಂಬ ಡೆನ್ಮಾರ್ಕಿನ ಸಂಶೋಧಕ 1970ರಲ್ಲಿ ಒಂದು ಸೂತ್ರ ಕೊಟ್ಟರು. ತೀರಾ ಚಳಿ ಅಂದರೆ ಮೈನಸ್ 3, ತೀರಾ ಬಿಸಿ ಅಂದರೆ ಪ್ಲಸ್ 3, ನಡುವಿನ ಸೊನ್ನೆಯೇ ಗುರಿ. ಆಫೀಸಿಗೆ ಸರಿ, ಅಲ್ಲಿ ಹವೆ ಗಮನಕ್ಕೇ ಬರಬಾರದು. ಆದರೆ ಸೊನ್ನೆ ಬೇಕಿದ್ದವರು ಪಾರ್ಕಿಗೆ ಯಾಕೆ ಹೋಗಬೇಕು? ಬೆವರಿದ ಕತ್ತಿಗೆ ಥಟ್ಟನೆ ಸುಳಿಗಾಳಿ ತಾಗಿದಾಗಿನ ಆ ಒಂದು ಕ್ಷಣ, ಬೆವರೇ ಇಲ್ಲದಿದ್ದರೆ ಸಿಗುವುದಿಲ್ಲ. ಅಕ್ಕ ಕಣ್ಣು ಮುಚ್ಚಿದ್ದು ಅಂಥದ್ದಕ್ಕೇ. ಮೇಲಾಗಿ ಎಸಿ ಬಿಸಿಯನ್ನು ಅಳಿಸುವುದಿಲ್ಲ, ಪಕ್ಕದ ಬೀದಿಗೆ ಎಸೆಯುತ್ತದೆ. ಅಲ್ಲಿ ಇನ್ಯಾರೋ ಇನ್ಯಾರಿಗೋ ಕಾಯುತ್ತಿರುತ್ತಾರೆ.

ಮಳೆಯ ಶೇ 30. ಅಂಥದೇ ಹವೆಯ ಹತ್ತು ದಿನ ತೆಗೆದುಕೊಂಡರೆ ನೀವಿದ್ದ ಜಾಗದಲ್ಲಿ ಮೂರು ದಿನ ಮಳೆ ಬಂದೀತು, ಅಷ್ಟೇ ಅದರ ಅರ್ಥ. ದಿನದ ಶೇ 30 ಹೊತ್ತು ಅಂತಲೂ ಅಲ್ಲ, ಊರಿನ ಶೇ 30 ಭಾಗ ಅಂತಲೂ ಅಲ್ಲ. ಗಾಬರಿಯಾಗಬೇಡಿ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್ ಜನರನ್ನು ಇದನ್ನೇ ಕೇಳಿದ್ದರು. ಹೆಚ್ಚಿನವರು ಸರಿ ಹೇಳಿದ್ದು ನ್ಯೂಯಾರ್ಕಿನಲ್ಲಿ ಮಾತ್ರ. ನಿಮಗೆ ಸಿಕ್ಕಿದ್ದು ಉಳಿದ ಏಳು ದಿನಗಳಲ್ಲಿ ಒಂದು.

ಅಂದ ಹಾಗೆ, ಶೇ 30 ನೋಡಿ ಕೊಡೆ ತೆಗೆದುಕೊಂಡು ಹೋಗಿದ್ದಿರಾ? ಆ ಚೌಕದಲ್ಲಿ ಬಿಡಿಸಿ ಕೂತಿದ್ದರೆ ಈ ಪತ್ರ ಬರೆಯುವುದು ತಪ್ಪುತ್ತಿತ್ತೇನೋ.