ಎಂಎಸ್ ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗದ ಸ್ನಾತಕೋತ್ತರ ಪದವಿ) ಮುಗಿಯಿತು. ಕಾಸರಗೋಡಿನಲ್ಲಿ ನರ್ಸಿಂಗ್ ಹೋಂ ಸೇರಲಾ, ಮೆಡಿಕಲ್ ಕಾಲೇಜಿನಲ್ಲಿ ಪಾಠ, ಸಂಶೋಧನೆ ಅಂತ ಹೋಗಲಾ? ಹೀಗೆ ಕೇಳಿದ್ದೀರಿ ನೀವು.

ಇದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಸಿಕ್ಕಿದವರಿಗೆಲ್ಲ ಕೇಳಿದ್ದೆ. ಕುಂಬಳೆ ಕಡೆಯವಳು. ಕೊನೆಗೆ ಗಡಿ ದಾಟಿ ಒಂದು ಮೆಡಿಕಲ್ ಕಾಲೇಜಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದೆ. ಸಂಬಳ ಕಡಿಮೆ, ಅದು ನಿಮಗೂ ಗೊತ್ತಿರುತ್ತದೆ, ಬಿಡಿ.

ನಮ್ಮ ಲೇಬರ್ ರೂಮಿಗೆ ಮಂಜೇಶ್ವರ, ಪೈವಳಿಕೆ, ಬದಿಯಡ್ಕದಿಂದಲೂ ಹೆರಿಗೆಗೆ ಬರುತ್ತಿದ್ದರು. ಎಷ್ಟೋ ಜನರಿಗೆ ಹಿಮೋಗ್ಲೋಬಿನ್ ಕಡಿಮೆ. ಅಂಥವರಿಗೆ ಹೆರಿಗೆ ಆದ ಮೇಲೆ ರಕ್ತ ಹೋಗುವುದೂ ಜಾಸ್ತಿಯಾ? ಇದು ನಾನು ಹಿಡಿದ ವಿಷಯ. ಎಥಿಕ್ಸ್ ಕಮಿಟಿ ಒಪ್ಪಿತು. ಒಬ್ಬಳು ಪಿಜಿ ಹುಡುಗಿ ಇದರ ಮೇಲೆಯೇ ಥೀಸಿಸ್ ಶುರು ಮಾಡಿದಳು.

ನಾನು ಎಡವಿದ್ದು ಎಲ್ಲಿ ಅಂದರೆ, ಎಷ್ಟು ರಕ್ತ ಹೋಯಿತು ಅನ್ನುವ ಲೆಕ್ಕವನ್ನು ಕೇಸ್ ಶೀಟಿನಿಂದ ಎತ್ತಿಕೊಂಡೆ. ಹೆರಿಗೆ ಮಾಡಿಸಿದವರು ಕಣ್ಣಂದಾಜಿನಲ್ಲಿ ಬರೆದ ಲೆಕ್ಕ. ಸ್ಟ್ಯಾಟಿಸ್ಟಿಕ್ಸ್‌ನವರು ಹಾಳೆ ನೋಡಿ ಕೇಳಿದ್ದು ಇಷ್ಟೇ: "ಮೇಡಂ, ಎಲ್ಲಾ 200, 250, 300 ಎಂಎಲ್ ಅಂತಲೇ ಇದೆಯಲ್ಲ. 230, 410 ಯಾರಿಗೂ ಆಗಲೇ ಇಲ್ವಾ?"

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಸಹಜ ಹೆರಿಗೆಯಲ್ಲಿ 500 ಮಿಲಿಲೀಟರ್ ದಾಟಿದರೆ ಅದನ್ನು ಪಿಪಿಎಚ್, ಅಂದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ ಅನ್ನುತ್ತೇವೆ. ಆದರೆ ರಕ್ತ ಒಂದೇ ಕಡೆ ನಿಲ್ಲುವುದಿಲ್ಲ. ಬೆಡ್‌ಶೀಟಿಗೆ ಹೋಗುತ್ತದೆ, ಪ್ಯಾಡಿಗೆ ಹೋಗುತ್ತದೆ, ಬಕೆಟಿನಲ್ಲಿ ಗರ್ಭದ ನೀರಿನ ಜೊತೆ ಸೇರುತ್ತದೆ. ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತದೆ. ರಕ್ತ ಹೆಚ್ಚು ಹೋದಷ್ಟೂ ಅಂದಾಜು ಹೆಚ್ಚು ತಪ್ಪುತ್ತದೆ. ಅದರ ಮೇಲೆ, 500 ಬರೆದರೆ ಬೆಳಗ್ಗೆ ಯೂನಿಟ್ ಚೀಫ್‌ಗೆ ಉತ್ತರ ಕೊಡಬೇಕು. ಹಾಗಾಗಿ ಪೆನ್ನು 450ಕ್ಕೇ ನಿಲ್ಲುತ್ತಿತ್ತು. ಅಂದರೆ ನನ್ನ ಪ್ರಶ್ನೆ ಎಲ್ಲಿತ್ತೋ ಸರಿಯಾಗಿ ಅಲ್ಲೇ ಅಂಕಿ ಸುಳ್ಳು. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಪ್ರಯೋಜನವಿಲ್ಲ. ಪೇಪರ್ ಹೋಯಿತು, ನನ್ನ ಪ್ರಮೋಷನ್ ಮುಂದಕ್ಕೆ ಹೋಯಿತು. ಅದೆಲ್ಲ ಇರಲಿ, ಆ ಹುಡುಗಿ ಥೀಸಿಸ್ಸನ್ನು ಬೇರೆ ವಿಷಯದಲ್ಲಿ ಮೊದಲಿಂದ ಬರೆಯಬೇಕಾಯಿತು. ನನಗೆ ಇವತ್ತಿಗೂ ಬೇಜಾರಾಗುವುದು ಅದಕ್ಕೆ.

ಲೇಬರ್ ರೂಮಿನ ಹಿರಿಯ ಸಿಸ್ಟರ್ ಎಷ್ಟೋ ಸಲ ಹೇಳಿದ್ದರು, "ಡಾಕ್ಟ್ರೇ, ಬರೆದದ್ದಕ್ಕಿಂತ ಜಾಸ್ತಿ ಹೋಗಿದೆ" ಅಂತ. ನಾನು ಅದನ್ನು ಬರೀ ಮಾತು ಅಂದುಕೊಂಡಿದ್ದೆ. ಅದು ಡೇಟಾ ಆಗಿತ್ತು.

ಪರಿಹಾರವೇನೂ ದೊಡ್ಡದಲ್ಲ. ಒದ್ದೆ ಬಟ್ಟೆ ತೂಗಿ, ಒಣ ಬಟ್ಟೆಯ ತೂಕ ಕಳೆದರೆ ಒಂದು ಗ್ರಾಂಗೆ ಸುಮಾರು ಒಂದು ಮಿಲಿಲೀಟರ್. ಅಥವಾ ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಡ್ರೇಪ್. ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು ಇಂಥ ಡ್ರೇಪ್ ಬಳಸಿಯೇ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ (ಹೆರಿಗೆಯ ನಂತರ ರಕ್ತ ಹೋಗುವುದನ್ನು ತಗ್ಗಿಸುವ ಮಾತ್ರೆ) ಅಧ್ಯಯನ ಮಾಡಿದ್ದು. 1620 ಹೆಂಗಸರು, ಮಾತ್ರೆ ಕೊಟ್ಟವರು ಎಎನ್‌ಎಂಗಳು, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರು. ಹುಸಿ ಮಾತ್ರೆ ಪಡೆದವರಲ್ಲಿ ಪಿಪಿಎಚ್ ಶೇ 12, ನಿಜ ಮಾತ್ರೆ ಪಡೆದವರಲ್ಲಿ ಶೇ 6.4. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಳ್ಳಿಯ ಹೆರಿಗೆಗಳವು, ದೊಡ್ಡ ಊರಿನ ಆಪರೇಷನ್ ಥಿಯೇಟರ್ ಅಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನರ್ಸಿಂಗ್ ಹೋಂ ಅಂದರೆ ದುಡ್ಡು, ಕಾಲೇಜು ಅಂದರೆ ಸಂಶೋಧನೆ ಅಂತ ಯಾರು ಹೇಳಿದ್ದು? ನಮ್ಮ ಕಾಸರಗೋಡಿನ ಎಣ್ಮಕಜೆಯ ಪಡ್ರೆ ಊರನ್ನೇ ನೋಡಿ. ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಊರಿನಲ್ಲಿ ಒಂದೇ ಥರದ ಕಾಯಿಲೆಗಳು ಮನೆಮನೆಯಲ್ಲಿ ಕಾಣುತ್ತಿವೆ ಅಂತ ಮೊದಲೇ ಗಮನಿಸಿದವರಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಒಬ್ಬರು. ಅವರು ಪ್ರೊಫೆಸರ್ ಅಲ್ಲ, ಹಳ್ಳಿಯ ಕ್ಲಿನಿಕ್ಕಿನ ಡಾಕ್ಟರು. ಕೇರಳದಲ್ಲಿ ಹೆರಿಗೆ ವೈದ್ಯರ ಸಂಘ 2004ರಿಂದ ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸುತ್ತದೆ, ವೈದ್ಯರ ಹೆಸರು, ಆಸ್ಪತ್ರೆಯ ಹೆಸರು ತೆಗೆದು. ಅದು ನಡೆಯುವುದೂ ಯಾವುದೋ ಆಸ್ಪತ್ರೆಯಲ್ಲಿ ನಮ್ಮಂಥವರು ಬರೆದಿಟ್ಟ ಕೇಸ್ ಶೀಟಿನಿಂದಲೇ ಅಲ್ವಾ?

ಪಾಠವೂ ಹಾಗೆಯೇ. ನಾನು ಚೆನ್ನಾಗಿ ಪಾಠ ಮಾಡಿದ್ದು ಲೆಕ್ಚರ್ ಹಾಲಿನಲ್ಲಿ ಅಲ್ಲ. ರಾತ್ರಿ ಡ್ಯೂಟಿಯಲ್ಲಿ ಪಿಜಿಗಳಿಗೂ ಸಿಸ್ಟರ್‌ಗಳಿಗೂ ಒಟ್ಟಿಗೆ ಬಟ್ಟೆ ತೂಗುವುದು ಕಲಿಸಿದಾಗ. 500 ಬರೆದರೆ ಬೈಯುವುದಿಲ್ಲ ಅಂತ ಮೊದಲು ಮಾತು ಕೊಡಬೇಕಾಯಿತು.

ಪೇಪರ್ ಎಣಿಸುವುದಕ್ಕೆ ಮಾತ್ರ ಕಾಲೇಜು ಸೇರಬೇಡಿ. ಎಲ್ಲೇ ಇಂಟರ್‌ವ್ಯೂಗೆ ಹೋದರೂ ಲೇಬರ್ ರೂಮಿನ ರಿಜಿಸ್ಟರ್ ತೋರಿಸಿ ಅಂತ ಕೇಳಿ. ರಕ್ತಸ್ರಾವದ ಕಾಲಂ ಉದ್ದಕ್ಕೂ 200, 250 ಇದ್ದರೆ, ಒಂದು ತೂಕದ ಯಂತ್ರ ಕೊಡಿಸುತ್ತೀರಾ ಅಂತ ಕೇಳಿ. ಸುಮ್ನೆ ನಕ್ಕರೆ ಎದ್ದು ಬನ್ನಿ.