ಬಿಸಿಲಿಗೆ ತಡೆಯೊಡ್ಡಲು ಅಪ್ಪಣೆ ಕೊಡುವವರು ಯಾರು?

ಭೂಮಿಯನ್ನು ಕೃತಕವಾಗಿ ತಂಪಾಗಿಸುವ ಯೋಜನೆಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಉದ್ದನೆಯ ಪತ್ರಗಳನ್ನು ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ವಾತಾವರಣದ ಮೇಲಿನ ಪದರಕ್ಕೆ ಗಂಧಕದ ಕಣಗಳನ್ನು ಸಿಂಪಡಿಸಿ ಜಗತ್ತಿನ ಉಷ್ಣತೆಯನ್ನು ಇಳಿಸಬಹುದೆಂದು ಓದಿದೆ. ಯಾವುದೋ ಒಂದು ದೇಶ ಹೀಗೆ ಮಾಡಹೊರಟರೆ ತಡೆಯುವ ಅಂತರರಾಷ್ಟ್ರೀಯ ಕಾನೂನು ಇದೆಯೇ?
— ಕಾಲೇಜು ಅಧ್ಯಾಪಕಿ, ಧಾರವಾಡ

ಉತ್ತರ: ಇದಕ್ಕೆಂದೇ ರೂಪಿಸಿದ, ಎಲ್ಲ ದೇಶಗಳಿಗೂ ಅನ್ವಯವಾಗುವ ಒಪ್ಪಂದ ಒಂದೂ ಇಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಒಂದೂವರೆಯಿಂದ ಎರಡು ಕೋಟಿ ಟನ್‌ಗಳಷ್ಟು ಗಂಧಕದ ಡೈಆಕ್ಸೈಡ್ ಸಮೋಷ್ಣ ಮಂಡಲವನ್ನು, ಅಂದರೆ ನೀವು ಹೇಳಿದ ಆ ಮೇಲಿನ ಪದರವನ್ನು, ಸೇರಿತು. ಅಲ್ಲಿ ಅದು ಸಲ್ಫೇಟ್ ಕಣಗಳಾಗಿ ಮಾರ್ಪಟ್ಟು ಬಿಸಿಲಿನ ಒಂದು ಅಂಶವನ್ನು ಹಿಂದಕ್ಕೆ ಚದುರಿಸಿದ್ದರಿಂದ, ಮರುವರ್ಷ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಇದನ್ನೇ ವಿಮಾನಗಳ ಮೂಲಕ ಮಾಡಬಹುದಲ್ಲವೇ ಎಂಬ ವಿಚಾರ ವಿಜ್ಞಾನಿಗಳ ನಡುವೆ ಮೊದಲೂ ಇತ್ತು. ಆದರೆ ರಸಾಯನ ವಿಜ್ಞಾನದಲ್ಲಿ ನೊಬೆಲ್ ಪಡೆದಿದ್ದ ಪಾಲ್ ಕ್ರುಟ್ಜನ್ ಅವರು 2006ರಲ್ಲಿ ಈ ಕುರಿತು ಪ್ರಬಂಧ ಬರೆದ ಮೇಲೆಯೇ ಅದು ಗಂಭೀರ ಚರ್ಚೆಗೆ ಬಂತು.

ಕಾನೂನಿನ ಕಡೆಯಿಂದ ನೋಡಿದರೆ ಸಿಗುವುದು ಬಿಡಿ ತುಂಡುಗಳು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕವು ಶತ್ರುವಿನ ದಾರಿಗಳನ್ನು ಕೆಸರಾಗಿಸಲು ಮೋಡ ಬಿತ್ತನೆ ಮಾಡಿದ್ದು ಬಯಲಾದ ನಂತರ, ಪರಿಸರವನ್ನು ಬದಲಿಸುವ ತಂತ್ರಗಳನ್ನು ಅಸ್ತ್ರವಾಗಿ ಬಳಸಬಾರದೆಂಬ ಒಪ್ಪಂದ ರೂಪುಗೊಂಡು 1978ರಲ್ಲಿ ಜಾರಿಗೆ ಬಂತು. ಭಾರತವೂ ಅದಕ್ಕೆ ಬದ್ಧವಾಗಿದೆ. ಆದರೆ ಅದು ವೈರದ ಬಳಕೆಯನ್ನಷ್ಟೇ ನಿಷೇಧಿಸುತ್ತದೆ. ಲೋಕಹಿತಕ್ಕಾಗಿ ಮಾಡುತ್ತಿದ್ದೇವೆ ಎನ್ನುವವರನ್ನು ತಡೆಯುವುದಿಲ್ಲ. ಜೀವವೈವಿಧ್ಯ ಒಪ್ಪಂದದ ಸದಸ್ಯ ದೇಶಗಳು 2010ರಲ್ಲಿ ಜಪಾನಿನ ನಗೋಯಾದಲ್ಲಿ ಸೇರಿ, ಸಾಕಷ್ಟು ವೈಜ್ಞಾನಿಕ ಆಧಾರವೂ ನಿಯಂತ್ರಣ ವ್ಯವಸ್ಥೆಯೂ ಇಲ್ಲದೆ ಇಂಥ ಕೆಲಸಕ್ಕೆ ಕೈಹಾಕಬಾರದೆಂದು ನಿರ್ಣಯಿಸಿದವು. ಆ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಮೆರಿಕವು ಆ ಒಪ್ಪಂದದ ಸದಸ್ಯನೇ ಅಲ್ಲ. ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಪ್ರೋಟೋಕಾಲ್‌ಗೆ 2013ರಲ್ಲಿ ಒಂದು ತಿದ್ದುಪಡಿ ಮಾಡಿ ಹವಾಮಾನ ಬದಲಿಸಲು ಸಾಗರದಲ್ಲಿ ಮಾಡುವ ಪ್ರಯೋಗಗಳನ್ನು ಅದರ ವ್ಯಾಪ್ತಿಗೆ ತರಲಾಯಿತಾದರೂ, ಬೇಕಾದಷ್ಟು ದೇಶಗಳು ಅನುಮೋದಿಸದ ಕಾರಣ ಅದು ಇನ್ನೂ ಜಾರಿಯಾಗಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನ ನೈರೋಬಿಯಲ್ಲಿ ನಡೆಯುವ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಎರಡು ಸಲ ನಡೆದು, ಎರಡು ಸಲವೂ ಮುರಿದುಬಿತ್ತು. 2019ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅದರ ಜೊತೆಗಾರ ದೇಶಗಳು ಈ ತಂತ್ರಜ್ಞಾನಗಳ ಕುರಿತು ಒಂದು ವರದಿಯನ್ನಾದರೂ ಸಿದ್ಧಪಡಿಸಿ ಎಂದು ಕೇಳಿದಾಗ ಅಮೆರಿಕ ಮತ್ತು ಸೌದಿ ಅರೇಬಿಯಾ ಒಪ್ಪಲಿಲ್ಲ. 2024ರಲ್ಲಿ ತಜ್ಞರ ಗುಂಪೊಂದನ್ನು ನೇಮಿಸೋಣ ಎಂದು ಸ್ವಿಟ್ಜರ್ಲೆಂಡ್ ಮತ್ತೆ ಕೇಳಿದಾಗ ತಕರಾರು ಬೇರೆ ದಿಕ್ಕಿನಿಂದ ಬಂತು: ಈ ತಂತ್ರವನ್ನು ಬಳಸುವುದೇ ಬೇಡವೆಂಬ ನಿಲುವು ಮೊದಲು ದಾಖಲಾಗಲಿ ಎಂದು ಆಫ್ರಿಕಾದ ದೇಶಗಳ ಗುಂಪು ಪಟ್ಟು ಹಿಡಿಯಿತು. ಮೊದಲ ಸಲ ಅಡ್ಡಬಂದದ್ದು ಯಾರೂ ತಮ್ಮನ್ನು ಪ್ರಶ್ನಿಸಬಾರದೆನ್ನುವ ತೈಲದೊರೆಗಳು. ಎರಡನೆಯ ಸಲ ಅಡ್ಡಬಂದವರು, ಅಧ್ಯಯನದ ಹೆಸರಿನಲ್ಲಿ ಬಳಕೆಗೇ ದಾರಿ ತೆರೆದೀತೆಂದು ಹೆದರಿದವರು. ಎರಡನೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಫಲ ಮಾತ್ರ ಒಂದೇ ಆಯಿತು.

ಪ್ರಶ್ನೆ: ನಮ್ಮ ಸರ್ಕಾರ ಬರದ ವರ್ಷಗಳಲ್ಲಿ ಮಾಡಿಸುವ ಮೋಡ ಬಿತ್ತನೆಯೂ ಇದೇ ಜಾತಿಯದೇ? ದುಬೈಯಲ್ಲಿ ಪ್ರವಾಹ ಬಂದದ್ದು ಮೋಡ ಬಿತ್ತನೆಯಿಂದಲೇ ಎಂದು ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು.
— ರೈತ, ಹಾವೇರಿ ಜಿಲ್ಲೆ

ಉತ್ತರ: ಅಲ್ಲ. 2003ರ ವರುಣ, 2017ರ ವರ್ಷಧಾರೆ ಯೋಜನೆಗಳಲ್ಲಿ ಮಾಡಿದ್ದು ಆಗಲೇ ಕಟ್ಟಿದ್ದ ಮೋಡಕ್ಕೆ ಸಿಲ್ವರ್ ಅಯೋಡೈಡ್ ಅಥವಾ ಉಪ್ಪಿನಂಥ ಕಣಗಳನ್ನು ಹಾಕಿ, ಒಂದು ಪ್ರದೇಶದಲ್ಲಿ ಕೆಲವು ಗಂಟೆಗಳ ಮಟ್ಟಿಗೆ ಮಳೆಯನ್ನು ಸ್ವಲ್ಪ ಹೆಚ್ಚಿಸುವ ಪ್ರಯತ್ನ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ವರ್ಷಗಟ್ಟಲೆ ನಡೆಸಿದ ಪ್ರಯೋಗದಲ್ಲಿ, ತಕ್ಕ ಮೋಡಗಳು ಸಿಕ್ಕ ದಿನಗಳಲ್ಲಿ ಸರಾಸರಿ 18 ಪ್ರತಿಶತದಷ್ಟು ಹೆಚ್ಚಿನ ಮಳೆ ಕಂಡುಬಂತು. ಮೋಡವೇ ಇಲ್ಲದಿದ್ದರೆ, ಅಥವಾ ಮೋಡದಲ್ಲಿ ತೇವ ಸಾಲದಿದ್ದರೆ, ಏನೂ ಆಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ದೆಹಲಿಯ ಹೊಗೆ ತೊಳೆಯಲು ಮಾಡಿದ ಬಿತ್ತನೆ ಹೀಗೆಯೇ ವಿಫಲವಾಯಿತು. 2024ರ ಏಪ್ರಿಲ್‌ನಲ್ಲಿ ದುಬೈಯನ್ನು ಮುಳುಗಿಸಿದ್ದು ಅರಬ್ ಪರ್ಯಾಯ ದ್ವೀಪದ ಮೇಲೆ ದೊಡ್ಡದಾಗಿ ಹಬ್ಬಿದ್ದ ಮಳೆಯ ವ್ಯವಸ್ಥೆ. ಮುನ್ಸೂಚನೆ ಕೊಡುವವರು ಅದನ್ನು ಕೆಲವು ದಿನ ಮೊದಲೇ ಗುರುತಿಸಿದ್ದರು. ಸಮೋಷ್ಣ ಮಂಡಲಕ್ಕೆ ಕಣ ಹಾಕುವ ಯೋಜನೆಯಾದರೋ ಇಡೀ ಭೂಮಿಯ ಮೇಲೆ ಒಂದೆರಡು ವರ್ಷ ಪರಿಣಾಮ ಬೀರುವಂಥದು, ಒಮ್ಮೆ ತೊಡಗಿದರೆ ದಶಕಗಳ ಕಾಲ ಮುಂದುವರಿಸಬೇಕಾದಂಥದು. ಎರಡಕ್ಕೂ ಇರುವ ನಿಜವಾದ ಸಂಬಂಧ ಒಂದೇ: ತನ್ನ ಪಾಲಿನ ಮಳೆಯನ್ನು ಪಕ್ಕದವರು ಕದ್ದರೆಂಬ ಶಂಕೆ. ಮೋಡ ಬಿತ್ತನೆಯಂಥ ಸಣ್ಣ ಕೆಲಸವೇ ಅಂಥ ಶಂಕೆಯನ್ನು ಹುಟ್ಟಿಸುವುದಾದರೆ, ದೊಡ್ಡದು ಹುಟ್ಟಿಸದೇ ಇರಲಾರದು.

ಪ್ರಶ್ನೆ: ನಾನು ಹತ್ತಾರು ವರ್ಷಗಳಿಂದ ಸ್ವೀಡನ್ನಿನಲ್ಲಿದ್ದೇನೆ. ಇಲ್ಲಿನ ಕಿರುನಾದಲ್ಲಿ, ಬಿಸಿಲು ತಗ್ಗಿಸುವ ಕಣಗಳ ಪ್ರಯೋಗಕ್ಕೆಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಹಾರಿಸಬೇಕಿದ್ದ ಬಲೂನನ್ನು 2021ರಲ್ಲಿ ನಿಲ್ಲಿಸಲಾಯಿತು. ಎರಡು ಕಿಲೋ ಸುಣ್ಣದ ಪುಡಿಗೆ ಹೆದರಿ ವಿಜ್ಞಾನವನ್ನು ತಡೆಯುವುದು ಮೂಢನಂಬಿಕೆಯಲ್ಲವೇ?
— ಎಂಜಿನಿಯರ್, ಸ್ಟಾಕ್‌ಹೋಮ್

ಉತ್ತರ: ನಿಮ್ಮ ಅಸಮಾಧಾನದಲ್ಲಿ ಅರ್ಧ ನ್ಯಾಯವಿದೆ. ಆ ಪ್ರಯೋಗದಲ್ಲಿ ಕೊನೆಗೊಮ್ಮೆ ಬಿಡುಗಡೆ ಮಾಡಬೇಕೆಂದಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಹೆಚ್ಚೆಂದರೆ ಎರಡು ಕಿಲೋ; ಒಂದು ಸಾಮಾನ್ಯ ವಿಮಾನಯಾನ ಅದಕ್ಕಿಂತ ಎಷ್ಟೋ ಹೆಚ್ಚು ಕಣಗಳನ್ನು ಉಗುಳುತ್ತದೆ. ಅಷ್ಟೇ ಅಲ್ಲ, 2021ರ ಜೂನ್‌ಗೆ ಗೊತ್ತುಮಾಡಿದ್ದ ಮೊದಲ ಹಾರಾಟದಲ್ಲಿ ಪುಡಿಯನ್ನು ಬಿಡುವ ಯೋಚನೆಯೇ ಇರಲಿಲ್ಲ, ಉಪಕರಣಗಳನ್ನು ಪರೀಕ್ಷಿಸುವುದಷ್ಟೇ ಇತ್ತು. ಆದ್ದರಿಂದ ಆ ಪುಡಿಯಿಂದ ಯಾರಿಗಾದರೂ ಅಪಾಯವಿತ್ತೇ ಎಂದು ಕೇಳಿದರೆ, ಇರಲಿಲ್ಲ.

ಆದರೆ ವಿರೋಧಿಸಿದವರು ಹೇಳಿದ್ದು ಅದನ್ನಲ್ಲ. ಉತ್ತರ ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಹರಡಿಕೊಂಡಿರುವ, ಹಿಮಸಾರಂಗಗಳನ್ನು ಸಾಕುವ ಸಾಮಿ ಜನರ ಪರಿಷತ್ತು ಸ್ವೀಡನ್ನಿನ ಪರಿಸರ ಸಂಘಟನೆಗಳ ಜೊತೆ ಸೇರಿ ಬರೆದ ಪತ್ರದಲ್ಲಿ ಎತ್ತಿದ ಮಾತುಗಳು ಬೇರೆಯವು. ನಮ್ಮ ನೆಲದ ಮೇಲಿನ ಆಕಾಶದಲ್ಲಿ ನಡೆಯುವ ಕೆಲಸವನ್ನು ನಮಗೆ ತಿಳಿಸಲೂ ಇಲ್ಲ, ಕೇಳಲೂ ಇಲ್ಲ. ಯೋಜನೆಯ ನೈತಿಕತೆಯನ್ನು ಪರಿಶೀಲಿಸಲು ನೇಮಿಸಿದ ಸಮಿತಿಯಲ್ಲಿ ಇರುವವರು ಬಹುತೇಕ ಅಮೆರಿಕದವರೇ. ಈ ದಾರಿ ಹಿಡಿದರೆ ಹೊಗೆಯುಗುಳುವುದನ್ನು ನಿಲ್ಲಿಸುವ ಒತ್ತಡ ಸಡಿಲವಾಗುತ್ತದೆ. ಮೂರರಲ್ಲಿ ಯಾವುದು ಮೂಢನಂಬಿಕೆ? ಮಾರ್ಚ್ ಕೊನೆಯಲ್ಲಿ ಸ್ವೀಡನ್ನಿನ ಬಾಹ್ಯಾಕಾಶ ನಿಗಮ ಹಿಂದೆ ಸರಿಯಿತು, ಸಲಹಾ ಸಮಿತಿಯೂ ಸ್ವೀಡನ್ನಿನ ಜನರೊಡನೆ ಮಾತುಕತೆಯಾಗುವವರೆಗೆ ತಡೆಯಿರಿ ಎಂದಿತು. 2024ರ ಮಾರ್ಚ್‌ನಲ್ಲಿ ಹಾರ್ವರ್ಡ್ ಆ ಯೋಜನೆಯನ್ನೇ ಕೈಬಿಟ್ಟಿತು.

ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಗಿತ್ತು. ಒಂದು ಕಿಲೋಮೀಟರ್ ಎತ್ತರಕ್ಕೆ ಬಲೂನು ಕಟ್ಟಿ, ಕೊಳವೆಯ ಮೂಲಕ ಬರೀ ನೀರನ್ನು ಸಿಂಪಡಿಸಬೇಕಿದ್ದ ಪ್ರಯೋಗವನ್ನು, ಅದಕ್ಕೆ ಸಂಬಂಧಪಟ್ಟ ಪೇಟೆಂಟ್ ಅರ್ಜಿಯ ವಿವಾದ ಎದ್ದ ಮೇಲೆ, 2012ರಲ್ಲಿ ಸಂಶೋಧಕರೇ ರದ್ದುಮಾಡಿದರು. ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ 2024ರಲ್ಲಿ ನಿವೃತ್ತ ಯುದ್ಧನೌಕೆಯ ಮೇಲಿಂದ ಸಮುದ್ರದ ಉಪ್ಪಿನ ಕಣಗಳನ್ನು ತೂರುವ ಪರೀಕ್ಷೆ ಆರಂಭವಾದದ್ದು ನಗರದ ಆಡಳಿತಕ್ಕೆ ಸರಿಯಾಗಿ ತಿಳಿದಿರಲೇ ಇಲ್ಲ. ಆರೋಗ್ಯಕ್ಕೆ ಹೇಳಿಕೊಳ್ಳುವಂಥ ಅಪಾಯವಿಲ್ಲವೆಂದು ನಗರವೇ ನೇಮಿಸಿದ ತಜ್ಞರು ವರದಿ ಕೊಟ್ಟ ಮೇಲೂ ನಗರಸಭೆ ಅದನ್ನು ಮುಂದುವರಿಸಲು ಬಿಡಲಿಲ್ಲ. ನೀರು, ಉಪ್ಪು, ಸುಣ್ಣ — ಮೂರೂ ಕಡೆ ವಸ್ತು ನಿರುಪದ್ರವಿಯೇ. ಜನ ಬೇಡವೆಂದದ್ದು ತಮ್ಮನ್ನು ಬಿಟ್ಟು ಬೇರೆಯವರು ತೀರ್ಮಾನಿಸುವ ಕ್ರಮವನ್ನು. ಎಂಜಿನಿಯರ್‌ಗಳಾದ ನಿಮಗೆ ಇದು ಅಡ್ಡಿಯಂತೆ ಕಾಣುತ್ತದೆ. ಅಂತರರಾಷ್ಟ್ರೀಯ ಕಾನೂನು ಇಲ್ಲದ ಜಾಗದಲ್ಲಿ ಇವತ್ತು ನಿಜವಾಗಿ ಕೆಲಸ ಮಾಡುತ್ತಿರುವ ಏಕೈಕ ನಿಯಂತ್ರಣ ಇದೇ ಎಂದು ನನಗೆ ಕಾಣುತ್ತದೆ. ಇದು ಸಾಕೆಂದು ನಾನು ಹೇಳಲಾರೆ. ಒಂದು ಊರಿನವರು ಬೇಡವೆಂದರೆ ಬಲೂನು ಬೇರೆ ಊರಿಗೆ ಹೋಗುತ್ತದೆ, ಬೇಡವೆನ್ನಲು ಸಂಘಟನೆಯೇ ಇಲ್ಲದ ಊರಿಗೆ.

ಪ್ರಶ್ನೆ: ಇಂಥ ಯೋಜನೆ ಜಾರಿಯಾದರೆ ನಮ್ಮ ಮುಂಗಾರಿನ ಗತಿಯೇನು? ಭಾರತದಲ್ಲಿ ಯಾರಾದರೂ ಇದನ್ನು ಅಧ್ಯಯನ ಮಾಡಿದ್ದಾರೆಯೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನಿಮ್ಮ ಊರಿನಲ್ಲಿಯೇ ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸಾಮಿ ಬಾಲ ಅವರು, ಈ ವಿಷಯ ಜನಪ್ರಿಯವಾಗುವ ಮೊದಲೇ, ಅಂದರೆ 2000ದಷ್ಟು ಹಿಂದೆಯೇ ಕಂಪ್ಯೂಟರ್ ಮಾದರಿಗಳಲ್ಲಿ ಇದನ್ನು ಪರಿಶೀಲಿಸಿ ಬರೆದವರಲ್ಲಿ ಒಬ್ಬರು. ಅವರೂ ಅವರ ಸಹೋದ್ಯೋಗಿಗಳೂ 2008ರಲ್ಲಿ ತೋರಿಸಿಕೊಟ್ಟ ಒಂದು ಅಂಶ ನಮಗೆ ಬಹಳ ಮುಖ್ಯವಾದದ್ದು. ಇಂಗಾಲದ ಡೈಆಕ್ಸೈಡ್ ಶಾಖವನ್ನು ವಾತಾವರಣದಲ್ಲಿ ಹಿಡಿದಿಡುತ್ತದೆ; ಬಿಸಿಲು ಮುಖ್ಯವಾಗಿ ನೆಲ ಮತ್ತು ಕಡಲನ್ನು ಕಾಯಿಸಿ ನೀರನ್ನು ಆವಿಯಾಗಿಸುತ್ತದೆ. ಹೀಗಾಗಿ ಅನಿಲದಿಂದ ಏರಿದ ಉಷ್ಣತೆಯನ್ನು ಬಿಸಿಲನ್ನು ತಗ್ಗಿಸಿ ಸರಿದೂಗಿಸಿದರೆ, ಉಷ್ಣತೆಯ ಲೆಕ್ಕ ಸರಿಹೋದರೂ ಆವಿಯ ಲೆಕ್ಕ ಸರಿಹೋಗುವುದಿಲ್ಲ. ಜಗತ್ತಿನ ಒಟ್ಟು ಮಳೆ ಹಿಂದಿಗಿಂತ ಕಡಿಮೆಯಾಗುತ್ತದೆ. ಪಿನಾಟುಬೊ ಸಿಡಿದ ಮರುವರ್ಷ ನೆಲದ ಮೇಲಿನ ಮಳೆ ಗಣನೀಯವಾಗಿ ಇಳಿದಿತ್ತು.

ಅದೇ ಸಂಸ್ಥೆಯ ಮುಂದಿನ ಅಧ್ಯಯನಗಳು ಇನ್ನೊಂದನ್ನು ಹೇಳುತ್ತವೆ: ಕಣಗಳನ್ನು ಯಾವ ಅಕ್ಷಾಂಶದಲ್ಲಿ ಬಿಡುತ್ತಾರೆಂಬುದರ ಮೇಲೆ ಮುಂಗಾರಿನ ಪಾಡು ನಿಂತಿದೆ. ಉತ್ತರಾರ್ಧ ಗೋಳದಲ್ಲಿ ಬಿಟ್ಟರೆ ಆ ಭಾಗ ಹೆಚ್ಚು ತಂಪಾಗಿ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ, ಭಾರತದ ಮುಂಗಾರು ಸೊರಗುತ್ತದೆ. ದಕ್ಷಿಣದಲ್ಲಿ ಬಿಟ್ಟರೆ ಇಲ್ಲಿ ಮಳೆ ಹೆಚ್ಚುತ್ತದೆ, ಅಲ್ಲಿನವರಿಗೆ ಕೊರತೆಯಾಗುತ್ತದೆ. ಸಮತೋಲನವಾಗಿ ಬಿಟ್ಟರೆ ಈ ಓಲಾಟ ತಗ್ಗುತ್ತದೆ. ಇದರ ಅರ್ಥ ನಿಮಗೆ ಹೊಳೆದಿರಬಹುದು: ಯಾರ ಮಳೆ ಎಷ್ಟು ಎಂಬುದು ಸಿಂಪಡಿಸುವವರ ಆಯ್ಕೆಯ ವಿಷಯವಾಗುತ್ತದೆ. ಒಂದು ರಾಜ್ಯದ ಅಣೆಕಟ್ಟಿನ ಬಾಗಿಲು ಯಾವಾಗ ತೆರೆಯಬೇಕೆಂಬುದಕ್ಕೆ ಶತಮಾನಕ್ಕೂ ಮಿಗಿಲಾಗಿ ಜಗಳವಾಡಿದ ಕಾವೇರಿ ಕಣಿವೆಯವರಿಗೆ, ಆ ಆಯ್ಕೆ ಎಂಥ ಜಗಳವನ್ನು ತರುತ್ತದೆಂದು ವಿವರಿಸಬೇಕಿಲ್ಲ. ಇದರ ಮೇಲೆ ಇನ್ನೊಂದು ತೊಡಕು: ಹೊಗೆ ಏರುತ್ತಲೇ ಇದ್ದು, ಯುದ್ಧವೋ ದಿವಾಳಿಯೋ ಬಂದು ಸಿಂಪಡಣೆ ಹಠಾತ್ತನೆ ನಿಂತರೆ, ಅಷ್ಟು ವರ್ಷ ಮರೆಯಾಗಿದ್ದ ಬಿಸಿ ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಎರಗುತ್ತದೆ.

ಹೊರಾಂಗಣ ಪ್ರಯೋಗದಲ್ಲಿಯೂ ಭಾರತಕ್ಕೆ ಅನುಭವವಿದೆ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ದಕ್ಷಿಣ ಸಾಗರದ ಸುಮಾರು 300 ಚದರ ಕಿಲೋಮೀಟರ್ ಪ್ರದೇಶಕ್ಕೆ ಕಬ್ಬಿಣದ ಸಲ್ಫೇಟ್ ಹಾಕಿದವು. ಅದರಿಂದ ಸೂಕ್ಷ್ಮ ಸಸ್ಯಗಳು ಬೆಳೆದು, ಇಂಗಾಲವನ್ನು ಹೀರಿ, ಸತ್ತು ತಳ ಸೇರುತ್ತವೆಯೇ ಎಂದು ನೋಡುವುದು ಉದ್ದೇಶ. ಹಡಗು ಹೊರಟ ಮೇಲೆ ಜರ್ಮನಿಯ ಪರಿಸರ ಸಚಿವಾಲಯವು ಇದು ಜೀವವೈವಿಧ್ಯ ಒಪ್ಪಂದದ 2008ರ ನಿರ್ಣಯಕ್ಕೆ ವಿರುದ್ಧವೆಂದು ಆಕ್ಷೇಪಿಸಿ, ಕೆಲಸ ನಿಂತು, ಪರಿಶೀಲನೆಯ ನಂತರ ಮತ್ತೆ ಅನುಮತಿ ಸಿಕ್ಕಿತು. ಸಸ್ಯಗಳೇನೋ ಬೆಳೆದವು, ಆದರೆ ಅವುಗಳನ್ನು ಪುಟ್ಟ ಕಡಲಜೀವಿಗಳು ತಿಂದುಹಾಕಿದವು. ತಳ ಸೇರಿದ ಇಂಗಾಲ ಅತ್ಯಲ್ಪ. ಇಂಥ ಋಣಾತ್ಮಕ ಫಲಿತಾಂಶ ಸಿಗಬೇಕಾದರೂ ಪ್ರಯೋಗ ನಡೆಯಬೇಕಿತ್ತು ಎನ್ನುವುದು ಸಂಶೋಧನೆಯ ಪರವಾಗಿ ಹೇಳಬಹುದಾದ ಬಲವಾದ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಮುಂಗಾರನ್ನು ನಂಬಿದ ದೇಶ ಮಾದರಿಗಳ ಅಧ್ಯಯನವನ್ನು ಇನ್ನಷ್ಟು ಬೆಳೆಸಬೇಕು. ಬೇಡವೆಂದು ವಾದಿಸುವುದಕ್ಕೂ ನಮ್ಮದೇ ಲೆಕ್ಕಗಳು ಕೈಯಲ್ಲಿರಬೇಕು. ನೈರೋಬಿಯಂಥ ಸಭೆಗಳಲ್ಲಿ ಸ್ವಿಟ್ಜರ್ಲೆಂಡಿಗಿಂತ ನಮ್ಮ ದನಿ ಚಿಕ್ಕದಾಗಿರುವುದು ಸರಿಯಲ್ಲ.

ಪ್ರಶ್ನೆ: ವಿಮಾನಗಳು ಬಿಟ್ಟುಹೋಗುವ ಬಿಳಿ ಗೆರೆಗಳೇ ಈ ರಾಸಾಯನಿಕ ಸಿಂಪಡಣೆ ಎನ್ನುತ್ತಾರಲ್ಲ, ನಿಜವೇ? ಯಾರಾದರೂ ಗುಟ್ಟಾಗಿ ಮಾಡುತ್ತಿರಬಹುದೇ?
— ಗೃಹಿಣಿ, ಮಂಗಳೂರು

ಉತ್ತರ: ಆ ಗೆರೆಗಳು ಎಂಜಿನ್ನಿನಿಂದ ಬಂದ ನೀರಾವಿ ತಣ್ಣನೆಯ ಗಾಳಿಯಲ್ಲಿ ಹೆಪ್ಪುಗಟ್ಟಿ ಆದ ಮಂಜಿನ ಹರಳುಗಳು. ಅಲ್ಲದೆ ಪ್ರಯಾಣಿಕ ವಿಮಾನಗಳು ಹಾರುವುದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಉಷ್ಣವಲಯದಲ್ಲಿ ಸಮೋಷ್ಣ ಮಂಡಲ ಶುರುವಾಗುವುದೇ ಹದಿನೇಳು ಕಿಲೋಮೀಟರ್ ಆಸುಪಾಸಿನಲ್ಲಿ. ಗುಟ್ಟಾಗಿಯಲ್ಲ, ಬಹಿರಂಗವಾಗಿಯೇ ಮಾಡಿದವರು ಇದ್ದಾರೆ. ಅಮೆರಿಕದ ಮೇಕ್ ಸನ್‌ಸೆಟ್ಸ್ ಎಂಬ ಪುಟ್ಟ ಕಂಪನಿ 2022ರಲ್ಲಿ ಮೆಕ್ಸಿಕೊದಿಂದ ಗಂಧಕದ ಡೈಆಕ್ಸೈಡ್ ತುಂಬಿದ ಬಲೂನುಗಳನ್ನು ಯಾರನ್ನೂ ಕೇಳದೆ ಹಾರಿಸಿ, ತಂಪಿನ ಪ್ರಮಾಣಪತ್ರಗಳೆಂದು ಮಾರಾಟಕ್ಕೂ ಇಟ್ಟಿತು. 2023ರ ಜನವರಿಯಲ್ಲಿ ಮೆಕ್ಸಿಕೊ ಸರ್ಕಾರ ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ ಸಾರಿತು. ಅತ್ತ ಅಮೆರಿಕದ ಟೆನಸಿ 2024ರಲ್ಲಿ, ಫ್ಲಾರಿಡಾ 2025ರಲ್ಲಿ ನಿಷೇಧದ ಕಾನೂನು ತಂದವು; ಅಲ್ಲಿನ ಚರ್ಚೆಯ ಹಿಂದೆ ನೀವು ಕೇಳಿದ ಬಿಳಿ ಗೆರೆಗಳ ವದಂತಿಯೂ ಇತ್ತು. ಈ ವದಂತಿಯಿಂದ ಆಗುವ ದೊಡ್ಡ ಹಾನಿಯೆಂದರೆ, ಅಪ್ಪಣೆ ಯಾರದೆಂದು ಕೇಳುವ ಸಾಮಿ ಜನರನ್ನೂ ಆಫ್ರಿಕಾದ ಪ್ರತಿನಿಧಿಗಳನ್ನೂ ಅದೇ ಸಾಲಿಗೆ ಸೇರಿಸಿ ತಳ್ಳಿಹಾಕಲು ಕಂಪನಿಗಳಿಗೆ ಸುಲಭವಾಗುತ್ತದೆ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಅಂಥ ಗೆರೆಗಳ ಚಿತ್ರ ಹಾಕಿದರೆ, ಗೆರೆಯ ವಿಷಯ ಬಿಟ್ಟು ಬಲೂನಿನ ವಿಷಯವನ್ನು ಅವರಿಗೆ ಕಳುಹಿಸಿ.