‘ಧೈರ್ಯವಾಗಿರಿ’ ಅಂದರೆ ಸಾಕೇ?

ದೀರ್ಘ ಕಾಯಿಲೆ ಮನೆಯ ಸಂಬಂಧಗಳನ್ನು ಹೇಗೆ ಅಲುಗಾಡಿಸುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಯಜಮಾನರಿಗೆ ಕರುಳಿನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ನಾನು ಅವರೆದುರು ಕಣ್ಣೀರು ಹಾಕುವುದಿಲ್ಲ. ಅವರೂ ‘ಚೆನ್ನಾಗಿದ್ದೀನಿ’ ಅನ್ನುವುದು ಬಿಟ್ಟರೆ ಬಾಯಿ ಬಿಡುವುದಿಲ್ಲ. ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ಹೀಗೆ ಗಟ್ಟಿಯಾಗಿರುವುದು ಸರಿ ತಾನೇ?

ಉತ್ತರ: ಒಬ್ಬರಿಗೊಬ್ಬರು ನೋವು ಕೊಡಬಾರದೆಂದು ಹೋಗಿ ಇಬ್ಬರೂ ಒಂಟಿಯಾಗಿದ್ದೀರಿ. ಹೃದಯಾಘಾತವಾದವರ ಪತ್ನಿಯರ ಬಗ್ಗೆ 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಆತಂಕವನ್ನು ಗಂಡನಿಂದ ಮುಚ್ಚಿಟ್ಟವರೇ ಹೆಚ್ಚು ಬಳಲಿದ್ದು ಕಂಡುಬಂತು. ರೋಗಿಗೂ ಇದರಲ್ಲಿ ಅಪಾಯವಿದೆ. ಮನೆಯವರು ಮಾತು ತಪ್ಪಿಸಿದಷ್ಟೂ ‘ಡಾಕ್ಟರು ನನಗೆ ಹೇಳದ ಏನೋ ಇದೆ’ ಎಂದು ಅವರು ಊಹಿಸಿಕೊಳ್ಳುತ್ತಾರೆ.

ರಾತ್ರಿ ಹಾಸಿಗೆಯಲ್ಲಿ ಮಾತು ಶುರು ಮಾಡಬೇಡಿ, ಆ ಹೊತ್ತಿಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಹಗಲು ನಡೆದಾಡುವಾಗಲೋ ಬಟ್ಟೆ ಮಡಿಸುವಾಗಲೋ, ಎದುರುಬದುರು ಕೂರದೆ, ಹದಿನೈದು ನಿಮಿಷ ಸಾಕು. ಮೊದಲ ಮಾತು ನಿಮ್ಮದೇ ಆಗಿರಲಿ: ‘ಮುಂದಿನ ಸ್ಕ್ಯಾನ್ ನೆನೆಸಿಕೊಂಡರೆ ನನಗೆ ಭಯವಾಗುತ್ತೆ. ನಿಮಗೆ?’ ಆಮೇಲೆ ಸುಮ್ಮನಿರಿ. ಹತ್ತು ಎಣಿಸುವಷ್ಟು ಹೊತ್ತು ಅವರು ಏನೂ ಹೇಳದಿದ್ದರೂ ಆ ಮೌನವನ್ನು ನೀವು ತುಂಬಿಸಬೇಡಿ. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ. ಅವರು ಬಾಯಿ ತೆರೆದ ಕೂಡಲೇ ‘ಏನೂ ಆಗಲ್ಲ ಬಿಡಿ’ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ‘ನಾನು ಏನಾದರೂ ಮಾಡಬೇಕಾ, ಕೇಳಿಸಿಕೊಂಡರೆ ಸಾಕಾ?’ ಎನ್ನುವುದು ಅದಕ್ಕಿಂತ ಎಷ್ಟೋ ಮೇಲು. ಅವರಿಗೆ ಮಾತೇ ಬೇಡವಾದರೆ ಕೆದಕಬೇಡಿ. ಮಾತಾಡದೆಯೇ ಸುಧಾರಿಸಿಕೊಳ್ಳುವ ಸ್ವಭಾವದವರೂ ಇದ್ದಾರೆ.

ಇನ್ನೊಂದು ವಿಷಯ. ಕೀಮೋ ಜೊತೆ ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಕೊಡುತ್ತಿದ್ದರೆ ಅವರ ನಿದ್ದೆಗೇಡಿಗೆ ಅದೂ ಕಾರಣವಿರಬಹುದು. ಮಾತ್ರೆಯನ್ನು ಬೆಳಿಗ್ಗೆಯೇ ಮುಗಿಸಬಹುದೇ ಎಂದು ವೈದ್ಯರನ್ನು ಕೇಳಿ. ಅದು ನಿಂತ ಒಂದೆರಡು ದಿನ ಮನಸ್ಸು ಕುಗ್ಗುವುದೂ ಉಂಟು, ಅದನ್ನು ಜಗಳವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಅಕ್ಕನಿಗೆ ಸ್ತನ ಕ್ಯಾನ್ಸರ್ ಮರುಕಳಿಸಿದೆ. ‘ಮನೋಬಲ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ನೆಂಟರು ಅನ್ನುತ್ತಾರೆ. ಅವಳೂ ನಂಬಿಬಿಟ್ಟಿದ್ದಾಳೆ.

ಉತ್ತರ: ನಂಬಬೇಕಾಗಿಲ್ಲ. ಹೋರಾಟದ ಮನೋಭಾವದವರು ಹೆಚ್ಚು ಕಾಲ ಬದುಕುತ್ತಾರೆಂಬ ಮಾತಿಗೆ 1979ರ ಒಂದು ಸಣ್ಣ ಬ್ರಿಟಿಷ್ ಅಧ್ಯಯನ ಬಲ ಕೊಟ್ಟಿತ್ತು. 1999ರಲ್ಲಿ ಬ್ರಿಟನ್ನಿನ ಸಂಶೋಧಕಿ ಮ್ಯಾಗಿ ವಾಟ್ಸನ್ ಅವರ ತಂಡ ಸ್ತನ ಕ್ಯಾನ್ಸರ್ ಇದ್ದ 578 ಮಹಿಳೆಯರನ್ನು ಐದು ವರ್ಷ ಗಮನಿಸಿದಾಗ ಹೋರಾಟದ ಮನೋಭಾವದಿಂದ ಆಯಸ್ಸಿಗೆ ಯಾವ ಲಾಭವೂ ಕಾಣಲಿಲ್ಲ. ತೀವ್ರ ಹತಾಶೆ ಇದ್ದವರ ಸ್ಥಿತಿ ಮಾತ್ರ ಸ್ವಲ್ಪ ಹಿಂದೆ ಬಿದ್ದಿತ್ತು. ಹತಾಶೆಗೆ ಚಿಕಿತ್ಸೆ ಇದೆ, ಅದು ರೋಗಿಯ ತಪ್ಪಲ್ಲ. ಖಿನ್ನತೆಗೆ ಮಾತ್ರೆ ಶುರು ಮಾಡುವುದಾದರೆ ಅಕ್ಕ ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮನೋವೈದ್ಯರಿಗೆ ತಪ್ಪದೆ ಹೇಳಿ. ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್‌ನಂಥ ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ನೆಂಟರಿಗೆ ಒಂದೇ ಉತ್ತರ: ‘ಅವಳಿಗೆ ಉಪದೇಶ ಬೇಡ. ಗುರುವಾರ ಆಸ್ಪತ್ರೆಗೆ ಜೊತೆಗೆ ಬರ್ತೀರಾ?’

ಪ್ರಶ್ನೆ: ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನೀರು, ಮಾತ್ರೆ, ಊಟ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಈಗೀಗ ಸಿಡುಕುತ್ತಾರೆ, ಕದ್ದು ನೀರು ಕುಡಿಯುತ್ತಾರೆ.

ಉತ್ತರ: ನೀವು ಮಗಳಾಗಿರುವುದನ್ನು ಬಿಟ್ಟು ಕಾವಲುಗಾರರಾಗಿದ್ದೀರಿ, ಅವರು ಕದಿಯದೆ ಇನ್ನೇನು ಮಾಡುತ್ತಾರೆ? ಕಾಯಿಲೆ ಕಸಿದುಕೊಂಡ ಹಿಡಿತದಲ್ಲಿ ಸ್ವಲ್ಪವನ್ನಾದರೂ ಹಿಂದಿರುಗಿಸಿ. ವೈದ್ಯರು ಹೇಳಿದ ದಿನದ ನೀರಿನ ಪ್ರಮಾಣವನ್ನು ಬೆಳಿಗ್ಗೆ ಅವರೇ ಅಳೆದು ಬಾಟಲಿಗೆ ತುಂಬಿಸಿಕೊಳ್ಳಲಿ. ಮಾತ್ರೆಗೂ, ಸಾರಿಗೂ ಅದರಿಂದಲೇ ಕಳೆಯಲಿ. ಸಂಜೆಗೇ ಖಾಲಿಯಾದರೆ ಗದರಬೇಡಿ, ಮಾರನೇ ದಿನ ಹೇಗೆ ಹಂಚಿಕೊಳ್ಳುತ್ತೀರಿ ಎಂದು ಕೇಳಿ. ದೇಹದ ತೂಕವನ್ನೂ ಅವರೇ ಬರೆದಿಡಲಿ, ಎರಡು ಡಯಾಲಿಸಿಸ್ ನಡುವೆ ಏರಿದ್ದು ಅವರ ಕಣ್ಣಿಗೇ ಕಾಣುತ್ತದೆ. ಡಯಾಲಿಸಿಸ್ ಮುಗಿದ ದಿನ ಯಾವ ಚರ್ಚೆಯೂ ಬೇಡ, ಆ ಸುಸ್ತೇ ಬೇರೆ.

ಸಿಡುಕಿನ ಹಿಂದೆ ಖಿನ್ನತೆ ಇದೆಯೇ ಎಂದೂ ನೋಡಬೇಕು. ಹಸಿವಿಲ್ಲದಿರುವುದು, ಆಯಾಸ ಇವನ್ನು ಲೆಕ್ಕಕ್ಕೆ ಹಿಡಿಯಲಾಗದು, ಮೂತ್ರಪಿಂಡದ ಕಾಯಿಲೆಯಲ್ಲಿ ಅವು ಹೇಗೂ ಇರುತ್ತವೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೇ? ಮನಸ್ಸು ಕುಗ್ಗಿದೆಯೇ? ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ: ‘ಇಲ್ಲವೇ ಇಲ್ಲ’ ಸೊನ್ನೆ, ‘ಹೆಚ್ಚುಕಡಿಮೆ ದಿನವೂ’ 3. ಒಟ್ಟು 3 ಅಥವಾ ಹೆಚ್ಚಾದರೆ ವೈದ್ಯರಿಗೆ ತಿಳಿಸಿ. ‘ಸಾಕಾಯಿತು’ ಎಂದರೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಒಂದೆರಡು ದಿನದಲ್ಲೇ ಮಾತು ತಡವರಿಸಿ, ಹಗಲು ರಾತ್ರಿ ತಿಳಿಯದಂತಾದರೆ ಅದು ಮನಸ್ಸಿನ ಬೇಸರವಲ್ಲ, ತುರ್ತಾಗಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಅಮ್ಮನ ಕಾಯಿಲೆಯ ವಿಷಯ ಹೇಳಬೇಕೇ?

ಉತ್ತರ: ಹೇಳಿ. ಕಾಯಿಲೆಯ ಹೆಸರನ್ನೇ ಹೇಳಿ, ‘ಹುಷಾರಿಲ್ಲ’ ಎಂದಷ್ಟೇ ಅಂದರೆ ನೆಗಡಿ ಬಂದಾಗಲೂ ಹೆದರುತ್ತಾನೆ. ಅವನು ಮಾಡಿದ ಯಾವುದರಿಂದಲೂ ಇದು ಬಂದಿಲ್ಲ, ಕಾಯಿಲೆ ಕ್ಯಾನ್ಸರ್ ಆಗಿದ್ದರೆ ಅದು ಮುಟ್ಟಿದರೆ ಅಂಟುವುದಿಲ್ಲ ಎನ್ನುವುದನ್ನು ಅವನು ಕೇಳದಿದ್ದರೂ ತಿಳಿಸಿ. ಅಮ್ಮ ಆಸ್ಪತ್ರೆಯಲ್ಲಿರುವ ದಿನ ಶಾಲೆಯಿಂದ ಯಾರು ಕರೆತರುತ್ತಾರೆ ಎಂಬುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅದನ್ನು ಹಿಂದಿನ ರಾತ್ರಿಯೇ ಹೇಳಿಬಿಡಿ.